ಮನೆ ಖಾಲಿಯಾದ ಮೇಲೂ ಹಾಡಿದ ಮಿರಜ್‌ನ ಖಾನ್ ಸಾಹೇಬರು

ಹುಬ್ಬಳ್ಳಿಯಿಂದ ಪುಣೆ ಕಡೆಗೆ ರೈಲು ಹತ್ತಿದವರಿಗೆ ಮಿರಜ್ ಜಂಕ್ಷನ್ ಗೊತ್ತೇ ಇರುತ್ತೆ. ಬೆಳಗಾವಿ ದಾಟಿ ಮಹಾರಾಷ್ಟ್ರಕ್ಕೆ ಕಾಲಿಟ್ಟ ಮೇಲೆ ಸಿಗುವ ಮೊದಲ ದೊಡ್ಡ ಸ್ಟೇಷನ್ ಅದು. ಅಲ್ಲಿಂದ ಸಾಂಗ್ಲಿ, ಸಾಂಗ್ಲಿಯ ಆಚೆ ಮಾಧವನಗರ, ಅದರ ಪಕ್ಕದಲ್ಲೇ ಬುಧಗಾಂವ. ಈಗ ಸಣ್ಣ ಊರು, ಆದರೆ ರಾಜರ ಕಾಲದಲ್ಲಿ ಕಿರಿಯ ಮಿರಜ್ ಸಂಸ್ಥಾನದ ಗಾದಿ ಇದ್ದದ್ದು ಅಲ್ಲಿ. ಪಟವರ್ಧನ ಮನೆತನದವರು ಈ ಸೀಮೆಯನ್ನು ಅಣ್ಣ ತಮ್ಮಂದಿರು ಗದ್ದೆ ಪಾಲು ಮಾಡಿಕೊಂಡ ಹಾಗೆ ಹಂಚಿಕೊಂಡಿದ್ದರು. ಸಾಂಗ್ಲಿ ಒಬ್ಬರಿಗೆ, ಮಿರಜ್ ಎರಡು ಪಾಲು, ಕುರುಂದವಾಡ ಎರಡು ಪಾಲು, ನಮ್ಮ ಜಮಖಂಡಿ ಇನ್ನೊಬ್ಬರಿಗೆ. ರಾಜ್ಯ ಸಣ್ಣದಾದರೂ ಇವರಿಗೆ ಹಾಡು ಕೇಳುವ ಹುಚ್ಚು ದೊಡ್ಡದು. ಆ ಹುಚ್ಚಿನ ನೆರಳಲ್ಲೇ ಉತ್ತರದ ಒಬ್ಬ ಉಸ್ತಾದರು ಬಂದು ಮಿರಜ್‌ನಲ್ಲಿ ಬೇರು ಬಿಟ್ಟರು. ಅವರೇ ಉಸ್ತಾದ್ ಅಬ್ದುಲ್ ಕರೀಂ ಖಾನ್.

ನಮ್ಮ ಹುಡುಗರಿಗೆ ಈ ಹೆಸರು ಅಷ್ಟಾಗಿ ಪರಿಚಯ ಇರಲಿಕ್ಕಿಲ್ಲ. ಭೀಮಸೇನ ಜೋಶಿ ಗೊತ್ತು, ಗಂಗೂಬಾಯಿ ಹಾನಗಲ್ ಗೊತ್ತು. ಅವರಿಬ್ಬರಿಗೂ ಗುರು ಕುಂದಗೋಳದ ಸವಾಯಿ ಗಂಧರ್ವರು. ಆ ಸವಾಯಿ ಗಂಧರ್ವರಿಗೆ ಗುರು ಈ ಖಾನ್ ಸಾಹೇಬರು. ಅಂದರೆ ಧಾರವಾಡ ಸೀಮೆಯ ಸಂಗೀತ ಅಂತ ನಾವು ಇವತ್ತು ಹೆಮ್ಮೆಯಿಂದ ಹೇಳಿಕೊಳ್ಳುವುದರ ದೊಡ್ಡ ಪಾಲಿನ ಬೇರು ಒಬ್ಬ ಮುಸ್ಲಿಂ ಹಾಡುಗಾರನ ಗಂಟಲಲ್ಲಿದೆ. ಆದರೆ ನಾನು ಇಲ್ಲಿ ಹೇಳಲು ಹೊರಟದ್ದು ಅವರ ರಾಗ ತಾಳದ ವಿಚಾರ ಅಲ್ಲ. ಐವತ್ತರ ಹೊಸ್ತಿಲಲ್ಲಿ ಹೆಂಡತಿ ಮತ್ತು ಐವರು ಮಕ್ಕಳು ಒಟ್ಟಿಗೇ ಮನೆ ಬಿಟ್ಟು ಹೋದಾಗ ಈ ಮನುಷ್ಯ ಹೇಗೆ ಬದುಕಿದರು ಅನ್ನೋದು ನನ್ನನ್ನು ತುಂಬಾ ಕಾಡಿದ ವಿಷಯ.

ಹುಟ್ಟಿದ್ದು 1872ರಲ್ಲಿ, ದಿಲ್ಲಿಗೆ ಹತ್ತಿರದ ಕೈರಾನಾ ಎಂಬ ಊರಲ್ಲಿ. ಆ ಊರ ಹೆಸರೇ ಮುಂದೆ ಕಿರಾನಾ ಘರಾನಾ ಆಯ್ತು. ಅಪ್ಪ ಕಾಲೇ ಖಾನ್. ಮನೆಯಲ್ಲಿ ಹಾಡು, ಸಾರಂಗಿ, ಬೀನ್ ಎಲ್ಲವೂ ಇತ್ತು. ಹುಡುಗ ಸಾರಂಗಿಯೂ ಕಲಿತ, ವೀಣೆಯೂ ಕಲಿತ, ಕೊನೆಗೆ ಹಾಡಿಗೆ ನಿಂತ. ತಮ್ಮ ಅಬ್ದುಲ್ ಹಕ್ ಜೊತೆ ಊರೂರು ಸುತ್ತಿ ಬರೋಡಾ ದರ್ಬಾರಿಗೆ ಬಂದ. ಊರಲ್ಲಿ ಆಗಲೇ ಮದುವೆ ಆಗಿತ್ತು. ಹೆಂಡತಿ ಗಫೂರನ್ ಬೀಬಿ, ಅದೇ ಘರಾನಾದ ಇನ್ನೊಬ್ಬ ದೊಡ್ಡ ಹಾಡುಗಾರ ಅಬ್ದುಲ್ ವಹೀದ್ ಖಾನರ ಅಕ್ಕ ತಂಗಿಯರಲ್ಲಿ ಒಬ್ಬರು. ಬರೋಡಾದಲ್ಲಿ ಸರದಾರ ಮಾರುತಿರಾವ್ ಮಾನೆಯವರ ಮಗಳು ತಾರಾಬಾಯಿಗೆ ಪಾಠ ಹೇಳಿಕೊಡುತ್ತಾ ಇಬ್ಬರಿಗೂ ಮನಸ್ಸು ಕೂಡಿ, ಬರೋಡಾ ಬಿಟ್ಟು ಬೊಂಬಾಯಿಗೆ ಓಡಿ ಬಂದರು. ಊರಲ್ಲಿ ಉಳಿದ ಗಫೂರನ್ ಬೀಬಿಯ ಬಗ್ಗೆ ಪುಸ್ತಕಗಳಲ್ಲಿ ಒಂದೆರಡು ಸಾಲು ಮಾತ್ರ ಸಿಗುತ್ತದೆ. ಖಾನ್ ಸಾಹೇಬರ ಮನೆ ಮುಂದೆ ಖಾಲಿ ಆದ ಕಥೆ ಹೇಳುವಾಗ, ಅದಕ್ಕೂ ಮೊದಲು ಕೈರಾನಾದಲ್ಲಿ ಖಾಲಿ ಆದ ಆ ಇನ್ನೊಂದು ಮನೆಯನ್ನು ಮರೆತರೆ ಅನ್ಯಾಯ ಆಗುತ್ತೆ.

ಆಮೇಲೆ ಮಿರಜ್. ಆ ವರ್ಷಗಳಲ್ಲಿ ಬೊಂಬಾಯಿ ಪ್ರಾಂತ್ಯದ ಉದ್ದಗಲಕ್ಕೂ ಪ್ಲೇಗ್ ಹಬ್ಬಿತ್ತು. ಮಿರಜ್‌ಗೆ ಬಂದ ಖಾನ್ ಸಾಹೇಬರಿಗೂ ಗಂಟು ಎದ್ದಿತಂತೆ. ಯಾರೋ ಮೀರಾಸಾಹೇಬ್ ದರ್ಗಾಕ್ಕೆ ಹೋಗಿ ಹಾಡು ಅಂದರಂತೆ. ಹೋಗಿ ಹಾಡಿದರು, ಬದುಕಿ ಉಳಿದರು. ಮಿರಜ್‌ನವರು ಈಗಲೂ ಹೀಗೇ ಹೇಳ್ತಾರೆ. ನಂಬುವುದು ಬಿಡುವುದು ಓದುಗರಿಗೆ ಬಿಟ್ಟದ್ದು. ನಂಬಲೇಬೇಕಾದ ಸಂಗತಿ ಬೇರೆ ಇದೆ. ಅಲ್ಲಿಂದ ಮುಂದೆ ವರ್ಷ ವರ್ಷವೂ ಉರೂಸಿಗೆ ಬಂದು ದರ್ಗಾದ ಅಂಗಳದಲ್ಲಿ ಕೂತು ಹಾಡುವುದನ್ನು ಅವರು ಬಿಡಲಿಲ್ಲ. ಉಳ್ಳಾಲ ಉರೂಸಿಗೆ ಎಲ್ಲಿದ್ದರೂ ಊರಿಗೆ ಬಂದೇ ಬರುವ ಹಿರಿಯರನ್ನು ನೋಡಿದವರಿಗೆ ಈ ನಂಟು ಬಿಡಿಸಿ ಹೇಳಬೇಕಾಗಿಲ್ಲ.

ಮಿರಜ್‌ನಲ್ಲಿ ಅವರನ್ನು ಹಿಡಿದು ನಿಲ್ಲಿಸಿದ ಇನ್ನೊಂದು ಸಂಗತಿ ಅಲ್ಲಿನ ವಾದ್ಯ ಮಾಡುವವರ ಕೇರಿ. ಇದರ ಕಥೆ ಚಂದ ಇದೆ. ಶಿಕಲಗಾರ ಜಾತಿಯ ಮುಸ್ಲಿಮರು ಮೊದಲು ಕತ್ತಿ ಗುರಾಣಿ ಮಾಡುತ್ತಿದ್ದವರು. ಬ್ರಿಟಿಷರು ಬಂದ ಮೇಲೆ ಸಂಸ್ಥಾನಗಳಿಗೆ ಯುದ್ಧವೇ ಇಲ್ಲ, ಕತ್ತಿ ಕೇಳುವವರು ಯಾರು? ಹೊಟ್ಟೆಪಾಡಿಗೆ ಫರೀದ್‌ಸಾಹೇಬ್ ಮತ್ತು ಅವರ ಮನೆಯವರು ತಂಬೂರಿ, ಸಿತಾರ್ ರಿಪೇರಿಗೆ ಇಳಿದರು, ಆಮೇಲೆ ತಾವೇ ಮಾಡಲು ಶುರು ಮಾಡಿದರು. ಪಂಢರಪುರದ ಕಡೆ ಬೆಳೆಯುವ ದೊಡ್ಡ ಕಹಿ ಕುಂಬಳದ ಬುರುಡೆ ತಂದು ಒಣಗಿಸಿ, ಅದಕ್ಕೆ ಮರದ ಕೋಲು ಕೂಡಿಸಿ, ತಂತಿ ಬಿಗಿದು ಹೊರಡಿಸುವ ನಾದ ಹಿಂದೂಸ್ತಾನದ ತುಂಬಾ ಹೆಸರು ಮಾಡಿತು. 2024ರಲ್ಲಿ ಮಿರಜ್‌ನ ಸಿತಾರ್ ಮತ್ತು ತಂಬೂರಿಗೆ ಜಿಐ ಟ್ಯಾಗ್ ಕೂಡ ಸಿಕ್ಕಿದೆ. ಕತ್ತಿ ಮಾಡಿದ ಕೈ ತಂಬೂರಿ ಮಾಡಿತು ಅಂತ ಭಾಷಣದಲ್ಲಿ ಹೇಳಲು ಚೆನ್ನಾಗಿರುತ್ತೆ, ಆದರೆ ಅದರ ಹಿಂದೆ ಇದ್ದದ್ದು ಅನ್ನದ ಚಿಂತೆ.

ಖಾನ್ ಸಾಹೇಬರಿಗೆ ಈ ಕೇರಿ ಅಂದರೆ ಪ್ರಾಣ. ಸ್ವತಃ ವಾದ್ಯ ರಿಪೇರಿ ಮಾಡಬಲ್ಲವರು ಅವರು. ತಂಬೂರಿಯ ಕುದುರೆಯನ್ನು ಉಜ್ಜಿ, ತಂತಿಯ ಅಡಿಗೆ ನೂಲು ಎಳೆದು ನಾದ ಬಿಡಿಸುವುದಕ್ಕೆ ಜೀವಾರಿ ತೆಗೆಯುವುದು ಅಂತಾರೆ. ನೂಲು ಕೂದಲೆಳೆಯಷ್ಟು ಆಚೆ ಈಚೆ ಆದರೂ ಸ್ವರ ಸತ್ತು ಹೋಗುತ್ತೆ. ಇದನ್ನು ಗಂಟೆಗಟ್ಟಲೆ ಮಾಡುತ್ತಾ ಕೂರುವ ತಾಳ್ಮೆ ಆ ಮನುಷ್ಯನಿಗಿತ್ತು. ದೊಡ್ಡ ಉಸ್ತಾದರು ಉಪಕರಣ ಹಿಡಿದು ಕೂರುವುದು ಆ ಕಾಲಕ್ಕೆ ಅಪರೂಪ. ಎಷ್ಟೋ ಮಂದಿಗೆ ತಂಬೂರಿ ಶ್ರುತಿ ಮಾಡುವುದೂ ಶಿಷ್ಯರ ಕೆಲಸ.

ಮಿರಜ್‌ನಲ್ಲಿ ಸಂಸಾರ ಬೆಳೆಯಿತು. ಮೊದಲು ಅಬ್ದುಲ್ ರೆಹಮಾನ್, ಆಮೇಲೆ 1905ರಲ್ಲಿ ಚಂಪಾಕಲಿ, ಗುಲಾಬ್, 1913ರಲ್ಲಿ ಸಕೀನಾ. ಇನ್ನೊಬ್ಬ ಗಂಡು ಹುಡುಗ ಕೃಷ್ಣ. ಹೆಸರುಗಳನ್ನು ನೋಡಿದರೆ ಸಾಕು, ಆ ಮನೆ ಎಂಥದ್ದು ಅಂತ ಗೊತ್ತಾಗುತ್ತೆ. ಅಪ್ಪ ನಮಾಜಿ, ಅಮ್ಮ ಮರಾಠಿ ಸರದಾರರ ಮಗಳು. ಐದು ಮಕ್ಕಳ ಕಿವಿಗೂ ಬೆಳಿಗ್ಗೆ ಎದ್ದರೆ ತಂಬೂರಿ, ಮಲಗಿದರೆ ತಂಬೂರಿ.

1913ರಲ್ಲಿ ಪುಣೆಯಲ್ಲಿ ಆರ್ಯ ಸಂಗೀತ ವಿದ್ಯಾಲಯ ತೆರೆದರು. ಆಗ ಸಂಗೀತ ಕಲಿಯಬೇಕು ಅಂದರೆ ಉಸ್ತಾದರ ಮನೆಯಲ್ಲಿ ವರ್ಷಗಟ್ಟಲೆ ನೀರು ಹೊರಬೇಕು. ಇಲ್ಲಿ ಬಡ ಹುಡುಗರಿಗೆ ಊಟ, ಬಟ್ಟೆ, ಮಲಗಲು ಜಾಗ ಕೊಟ್ಟು ಕಲಿಸುತ್ತಿದ್ದರು. ಅನ್ನದ ಖರ್ಚಿಗೆ ಟಿಕೆಟ್ ಇಟ್ಟು ಜಲ್ಸಾ ಮಾಡಬೇಕು. ಮನೆಯ ಮಕ್ಕಳು, ಶಾಲೆಯ ಮಕ್ಕಳು, ತಾರಾಬಾಯಿ, ಎಲ್ಲರೂ ದುಡಿದ ಶಾಲೆ ಅದು. ನಂತರ ಬೊಂಬಾಯಿಯಲ್ಲೂ ಒಂದು ಶಾಖೆ ಆಯ್ತು.

ಈ ಜಲ್ಸಾಗಳಲ್ಲೇ ಟಿಪ್ಪು ಬರುತ್ತಾನೆ. ಟಿಪ್ಪು ಅಂದರೆ ಒಂದು ನಾಯಿ. ಹೆಸರು ಕೇಳಿ ನಮ್ಮ ಕೆಲವರ ಮುಖ ಗಂಟಾದೀತು, ಏನು ಮಾಡೋದು, ಇಟ್ಟವರು ಇಟ್ಟಿದ್ದಾರೆ. ಖಾನ್ ಸಾಹೇಬರು ಈ ನಾಯಿಗೆ ಸ್ವರ ಹಿಡಿಯುವುದನ್ನು ಕಲಿಸಿದ್ದರು. ವೇದಿಕೆ ಮೇಲೆ ಮಕ್ಕಳ ಜೊತೆ ಕೂರಿಸಿದರೆ ಟಿಪ್ಪು ಮಿಯಾನ್ ಕತ್ತು ಎತ್ತಿ ಶ್ರುತಿಗೆ ದನಿ ಕೂಡಿಸುತ್ತಿತ್ತು. ಪಂಡಿತರಲ್ಲಿ ಕೆಲವರಿಗೆ ಇದು ಸಂಗೀತಕ್ಕೆ ಮಾಡಿದ ಅವಮಾನ ಅನಿಸಿತು. ಖಾನ್ ಸಾಹೇಬರಿಗೆ ಮಾತ್ರ ಅದರಲ್ಲಿ ತಮಾಷೆಯೂ ಇತ್ತು, ಒಂದು ಛಲವೂ ಇತ್ತು ಅಂತ ನನಗೆ ಅನಿಸುತ್ತೆ. ಹಾಡು ಕಲಿಯಲು ಕುಲ ಬೇಕು, ಮನೆತನ ಬೇಕು ಅನ್ನುವವರ ಮುಂದೆ ನಾಯಿಯನ್ನು ತಂದು ಕೂರಿಸಿ ಷಡ್ಜ ಹಿಡಿಸಿದರೆ ವಾದ ಮಾಡುವವರು ಏನು ಹೇಳಿಯಾರು?

ಅವರ ಗೆಳೆತನಗಳೂ ಹೀಗೇ ವಿಚಿತ್ರ. ಸಾಂಗ್ಲಿಯಲ್ಲಿ ಕೃಷ್ಣಾಜಿ ಬಲ್ಲಾಳ ದೇವಲ್ ಎಂಬ ನಿವೃತ್ತ ಡೆಪ್ಯುಟಿ ಕಲೆಕ್ಟರ್ ಇದ್ದರು. ಪೆನ್ಷನ್ ಬಂದ ಮೇಲೆ ಎಲ್ಲರೂ ತೋಟ ಮಾಡಿದರೆ ಇವರು ಒಂದು ಸಪ್ತಕದಲ್ಲಿ ಇರುವ 22 ಶ್ರುತಿಗಳನ್ನು ಅಳೆಯಲು ಹೊರಟರು. ಲೆಕ್ಕ ದೇವಲರದ್ದು, ಗಂಟಲು ಖಾನ್ ಸಾಹೇಬರದ್ದು. ಇವರ ಜೊತೆ ಕ್ಲೆಮೆಂಟ್ಸ್ ಎಂಬ ಇಂಗ್ಲಿಷ್ ಜಿಲ್ಲಾ ಜಡ್ಜ್ ಬೇರೆ. ಒಬ್ಬ ಬ್ರಾಹ್ಮಣ ಅಧಿಕಾರಿ, ಒಬ್ಬ ದೊರೆ, ಒಬ್ಬ ಉಸ್ತಾದ್ ಸೇರಿ ಸ್ವರದ ಸಂದು ಸಂದನ್ನು ಅಳೆಯುತ್ತಾ ಕೂತದ್ದನ್ನು ನೆನೆದರೇ ನಗು ಬರುತ್ತೆ, ಗೌರವವೂ ಬರುತ್ತೆ. 22 ಶ್ರುತಿಯ ಹಾರ್ಮೋನಿಯಂ ಒಂದನ್ನು ಮಾಡಿಸಿದರು. 1916ರ ಬರೋಡಾ ಸಂಗೀತ ಸಮ್ಮೇಳನದ ಪರೀಕ್ಷೆಯಲ್ಲಿ ಆ ಪೆಟ್ಟಿಗೆ ಪಂಡಿತರ ಒಪ್ಪಿಗೆ ಪಡೆಯಲಿಲ್ಲ. ಪೆಟ್ಟಿಗೆ ನಪಾಸಾದರೂ ಖಾನ್ ಸಾಹೇಬರ ಕಿವಿ ನಪಾಸಾಗಲಿಲ್ಲ. ಸ್ವರದ ಆ ಸೂಕ್ಷ್ಮವೇ ಮುಂದೆ ಕಿರಾನಾದ ಗುರುತಾಯ್ತು.

1922 ಬಂತು. ತಾರಾಬಾಯಿ ಐವರು ಮಕ್ಕಳನ್ನೂ ಕರೆದುಕೊಂಡು ಗಂಡನನ್ನು ಬಿಟ್ಟು ಹೋದರು. ಗಂಡ ಹೆಂಡತಿ ನಡುವೆ ಏನಾಯ್ತು ಅನ್ನೋದು ನಾಲ್ಕು ಗೋಡೆಯ ವಿಷಯ, ನೂರು ವರ್ಷ ಆದ ಮೇಲೆ ನಾವು ಪಂಚಾಯ್ತಿ ಮಾಡಿ ಏನೂ ಆಗಬೇಕಾಗಿಲ್ಲ. ಆದರೆ ಆದದ್ದು ಇಷ್ಟು. ಅಬ್ದುಲ್ ರೆಹಮಾನ್ ಎಂಬ ಹುಡುಗ ಸುರೇಶ್‌ಬಾಬು ಮಾನೆ ಆದ. ಚಂಪಾಕಲಿ ಹೀರಾಬಾಯಿ ಬಡೋದೇಕರ್ ಆದಳು. ಗುಲಾಬ್ ಕಮಲಾಬಾಯಿ ಆದಳು. ಸಕೀನಾ ಸರಸ್ವತಿ ಆಗಿ, ಮದುವೆಯ ನಂತರ ಸರಸ್ವತಿ ರಾಣೆ. ಕೃಷ್ಣ ಕೃಷ್ಣರಾವ್ ಮಾನೆ. ತಾಯಿಯ ಮನೆತನದ ಹೆಸರು, ತಾಯಿಯ ಊರಿನ ಹೆಸರು ಅಂಟಿಕೊಂಡಿತು. ಅಪ್ಪನ ಹೆಸರು ಒಬ್ಬರ ಹೆಸರಿನ ಮುಂದೆಯೂ ಉಳಿಯಲಿಲ್ಲ.

ಮಯ್ಯತ್ತಾದ ಮನೆಗೆ ಜನ ಬರ್ತಾರೆ. ಅಕ್ಕಪಕ್ಕದವರು ಗಂಜಿ ತಂದು ಕೊಡ್ತಾರೆ, ಮೂರು ದಿನ, ನಲ್ವತ್ತು ದಿನ ಅಂತ ಲೆಕ್ಕ ಇದೆ. ಸತ್ತವರ ಹೆಸರು ಹೇಳಿ ಅಳಬಹುದು. ಬದುಕಿರುವವರು ಬಿಟ್ಟು ಹೋದರೆ ಈ ಯಾವುದೂ ಇಲ್ಲ. ನೆರೆಯವರು ಬಾಗಿಲ ಹತ್ತಿರ ಬಂದು ಮಾತು ತಿರುಗಿಸಿ ಹೋಗ್ತಾರೆ. ಇಂಥ ಮನೆಗಳು ನಮ್ಮ ಕರಾವಳಿಯಲ್ಲೂ ಇವೆ. ಉಪ್ಪನ ಹೆಸರು ಎತ್ತಿದರೆ ಸುಮ್ಮನಾಗುವ ಮಕ್ಕಳು, ಮಕ್ಕಳ ಹೆಸರು ಎತ್ತಿದರೆ ಎದ್ದು ಹೋಗುವ ಉಪ್ಪಂದಿರು ನಮ್ಮಲ್ಲಿ ಇಲ್ಲವಾ?

ಅದೇ 1922ರಲ್ಲಿ ಇನ್ನೊಂದು ಸಾವು ಆಯ್ತು. ಮಿರಜ್‌ಗೆ ದೂರವಲ್ಲದ ಕುರುಂದವಾಡದಲ್ಲಿ ಉಸ್ತಾದ್ ರಹಿಮತ್ ಖಾನ್ ತೀರಿಕೊಂಡರು. ಖಾನ್ ಸಾಹೇಬರ ಹಾಡಿನ ದಾರಿಯನ್ನೇ ಬದಲಿಸಿದ ದನಿ ಅದು. ಖಾನ್ ಸಾಹೇಬರ ಹೆಸರಾದ ಭೈರವಿಯ ಹಿಂದೆ ರಹಿಮತ್ ಖಾನರ ನೆರಳಿದೆ ಅಂತ ಕೇಳಿ ಬಲ್ಲವರು ಹೇಳ್ತಾರೆ. ಇವರ ಕಥೆಯನ್ನು ಇಲ್ಲಿ ಸ್ವಲ್ಪ ಹೇಳಲೇಬೇಕು, ಯಾಕಂದರೆ ದುಃಖದಲ್ಲಿ ಗೆಳೆತನ ಅಂದರೆ ಏನು ಅನ್ನೋದು ಆ ಸೀಮೆಯವರಿಗೆ ಗೊತ್ತಿದ್ದದ್ದು ಈ ಕಥೆಯಿಂದಲೇ.

ರಹಿಮತ್ ಖಾನ್ ಗ್ವಾಲಿಯರ್‌ನ ಹದ್ದು ಖಾನರ ಕಿರಿಯ ಮಗ. ಅಣ್ಣ ತೀರಿಕೊಂಡ, ಹಿಂದೆಯೇ 1875ರಲ್ಲಿ ಅಪ್ಪನೂ ಹೋದರು. ಹುಡುಗನ ಮನಸ್ಸು ಹಿಡಿತ ತಪ್ಪಿತು. ಅಫೀಮು ಹಿಡಿಯಿತು, ಮನೆ ಬಿಟ್ಟು ಅಲೆದಾಡಿ ಬನಾರಸ್‌ನ ಬೀದಿ ಸೇರಿದ. ಇತ್ತ ವಿಷ್ಣುಪಂತ ಛತ್ರೆ ಅಂತ ಒಬ್ಬರು, ಸಾಂಗ್ಲಿ ಹತ್ತಿರದ ಕೃಷ್ಣಾ ತೀರದ ಅಂಕಲಖೋಪ್ ಊರಿನವರು. ಕುದುರೆ ಪಳಗಿಸುವುದರಲ್ಲಿ ನಿಪುಣ. ಗ್ವಾಲಿಯರ್‌ಗೆ ಕುದುರೆ ವಿದ್ಯೆ ಕಲಿಯಲು ಹೋಗಿ, ಜೊತೆಗೆ ಹದ್ದು ಖಾನರ ಬಳಿ ಹಾಡನ್ನೂ ಕಲಿತು ಬಂದಿದ್ದರು. ಬೊಂಬಾಯಿಗೆ ಬಂದ ಇಟಲಿಯ ಕಿಯಾರಿನಿ ಸರ್ಕಸ್ ನೋಡಿ, ನಮ್ಮವರಿಂದ ಯಾಕಾಗಬಾರದು ಅಂತ ಹಟಕ್ಕೆ ಬಿದ್ದು 1880ರಲ್ಲಿ ಭಾರತದ ಮೊದಲ ಸರ್ಕಸ್ ಕಟ್ಟಿದವರು ಇವರೇ. ಈ ಸರ್ಕಸ್ ತಲಶ್ಶೇರಿಗೂ ಬಂದಿತ್ತು. ಅಲ್ಲಿನ ಕಳರಿ ಗುರು ಕೀಲೇರಿ ಕುಂಞಿಕಣ್ಣನ್ ಇದನ್ನು ನೋಡಿಯೇ ಹುಡುಗರಿಗೆ ಸರ್ಕಸ್ ವಿದ್ಯೆ ಕಲಿಸಲು ಶುರು ಮಾಡಿದ್ದು. ನಾವು ಚಿಕ್ಕಂದಿನಲ್ಲಿ ಮಂಗಳೂರಿನ ಮೈದಾನದಲ್ಲಿ ನೋಡಿದ ಸರ್ಕಸ್ ಕಂಪನಿಗಳಲ್ಲಿ ತಲಶ್ಶೇರಿಯವರೇ ತುಂಬಿರುತ್ತಿದ್ದದ್ದರ ಬುಡ ಇಲ್ಲಿದೆ.

ಗುರುವಿನ ಮಗ ಬೀದಿಪಾಲಾಗಿದ್ದನ್ನು ಕಂಡ ವಿಷ್ಣುಪಂತರು ಅವನನ್ನು ಜೊತೆಗೆ ಕರೆದುಕೊಂಡು ಬಂದುಬಿಟ್ಟರು. ಆನೆ, ಹುಲಿ, ಕುದುರೆ, ಜೋಕಾಲಿಯವರ ನಡುವೆ ಹಿಂದೂಸ್ತಾನದ ಅತಿ ಮಧುರ ಕಂಠಗಳಲ್ಲಿ ಒಂದು ಡೇರೆಯಲ್ಲಿ ವಾಸ. ಸರ್ಕಸ್ ಹೋದಲ್ಲೆಲ್ಲ ರಹಿಮತ್ ಖಾನ್ ಹೋದರು, ಜನ ಅವರಿಗೆ ಭೂಗಂಧರ್ವ ಅಂತ ಹೆಸರಿಟ್ಟರು. ಮನಸ್ಸು ಪೂರ್ತಿ ಸರಿ ಆಗಲಿಲ್ಲ, ಮಗುವಿನ ಹಾಗೆ ನೋಡಿಕೊಳ್ಳಬೇಕು, ಹಾಗೇ ನೋಡಿಕೊಂಡರು. 1905ರಲ್ಲಿ ವಿಷ್ಣುಪಂತರು ತೀರಿಕೊಂಡಾಗ ಇನ್ನು ಇವರ ಗತಿ ಏನು ಅಂತ ಯಾರೂ ಕೇಳುವ ಹಾಗಾಗಲಿಲ್ಲ. ಅದೇ ಮನೆತನದ ಕಾಶಿನಾಥಪಂತರು ಜವಾಬ್ದಾರಿ ಹೊತ್ತರು. ಸಾಯುವ ತನಕ ಕುರುಂದವಾಡದಲ್ಲಿ ಅನ್ನ, ಆಶ್ರಯ, ಹಾಡು ಯಾವುದಕ್ಕೂ ಕಮ್ಮಿ ಮಾಡಲಿಲ್ಲ. ಒಬ್ಬ ಚಿತ್ಪಾವನ ಬ್ರಾಹ್ಮಣ ಮನೆತನ ಒಬ್ಬ ಮುಸ್ಲಿಂ ಉಸ್ತಾದನನ್ನು ಸಾಕಿದ ಕಥೆ ಇದು. ಇದಕ್ಕೆ ಆಗ ಯಾರೂ ಸೌಹಾರ್ದ ಸಮ್ಮೇಳನ ಮಾಡಲಿಲ್ಲ.

ಖಾನ್ ಸಾಹೇಬರ ವಿಷಯಕ್ಕೆ ಬರೋಣ. ಮಕ್ಕಳಿಲ್ಲದ ಶಾಲೆ ಹೆಚ್ಚು ಕಾಲ ನಡೆಯಲಿಲ್ಲ. ಅವರು ಮಿರಜ್‌ಗೇ ಮರಳಿ ಬಂದು ನೆಲೆಸಿದರು. ಶಿಷ್ಯೆ ಬಾನುಬಾಯಿ ಲಾಟಕರ್ ಅವರನ್ನು ಮದುವೆಯಾದರು. ಸಂಗೀತದ ಲೋಕದಲ್ಲಿ ಅವರಿಗೆ ಸರಸ್ವತಿಬಾಯಿ ಮಿರಜಕರ್ ಅಂತ ಹೆಸರು. ಬಿಟ್ಟು ಹೋಗದ ಶಿಷ್ಯರೂ ಇದ್ದರು. ಅವರಲ್ಲಿ ಬಾಲಕೃಷ್ಣಬುವಾ ಕಪಿಲೇಶ್ವರಿಯವರು ಮುಂದೆ ಗುರುವಿನ ಜೀವನ ಚರಿತ್ರೆಯನ್ನು ಮರಾಠಿಯಲ್ಲಿ ದಪ್ಪ ಪುಸ್ತಕವಾಗಿ ಬರೆದರು. ಮಕ್ಕಳು ಅಪ್ಪನ ಹೆಸರು ಬಿಟ್ಟರೂ, ಅಪ್ಪನ ಕಥೆ ಬರೆದು ಉಳಿಸಿದ್ದು ಒಬ್ಬ ಶಿಷ್ಯ.

ಆಮೇಲೆ ತಮ್ಮ ಅಬ್ದುಲ್ ಹಕ್ ಅವರ ಮಗಳು ರೋಶನ್ ಆರಾ ಬಂದಳು. 1917ರಲ್ಲಿ ಕಲ್ಕತ್ತಾದಲ್ಲಿ ಹುಟ್ಟಿದ ಹುಡುಗಿ. ದೊಡ್ಡಪ್ಪನ ಬಳಿ ವರ್ಷಗಟ್ಟಲೆ ಕಲಿತಳು. ಸಕೀನಾಳಿಗಿಂತ ನಾಲ್ಕೇ ವರ್ಷ ಚಿಕ್ಕವಳು. ತನ್ನ ಮಕ್ಕಳಿಗೆ ಪೂರ್ತಿ ಕೊಡಲಾಗದ್ದನ್ನು ಆ ಮುದುಕ ಈ ಹುಡುಗಿಗೆ ಸುರಿದು ಕೊಟ್ಟರು ಅನಿಸುತ್ತೆ, ರೋಶನ್ ಆರಾ ಬೇಗಂ ಹಾಡಿದ್ದನ್ನು ಕೇಳಿದರೆ. ದೇಶ ಪಾಲಾದ ಮೇಲೆ ಆಕೆ ಲಾಹೋರ್ ಕಡೆ ಹೋದರು, ಪಾಕಿಸ್ತಾನದ ದೊಡ್ಡ ಗಾಯಕಿಯಾದರು.

ಖಾನ್ ಸಾಹೇಬರ ಓಡಾಟ ಹೆಚ್ಚಾಗಿ ನಮ್ಮ ಕಡೆಗೇ. ಮೈಸೂರು ಅರಮನೆ ಅವರಿಗೆ ಸಂಗೀತರತ್ನ ಬಿರುದು ಕೊಟ್ಟಿತ್ತು. ಹೋಗುವಾಗ ಬರುವಾಗ ಹುಬ್ಬಳ್ಳಿ, ಧಾರವಾಡ, ಕುಂದಗೋಳದಲ್ಲಿ ತಂಗುವುದು. ಕುಂದಗೋಳದ ರಾಮಭಾವು, ಅಂದರೆ ಮುಂದಿನ ಸವಾಯಿ ಗಂಧರ್ವರು, ಹುಡುಗನಾಗಿದ್ದಾಗಲೇ ಇವರ ಕೈಗೆ ಸಿಕ್ಕಿದ್ದರು. ಆತ ಕಲಿತು ನಾಟಕ ಕಂಪನಿ ಸೇರಿದ್ದು ಗುರುವಿಗೆ ಹಿಡಿಸಲಿಲ್ಲ.

ಧಾರವಾಡದಲ್ಲಿ ಅಂಬಾಬಾಯಿ ಎಂಬ ಕರ್ನಾಟಕಿ ಸಂಗೀತದ ಗಾಯಕಿಯ ಮನೆ. ಖಾನ್ ಸಾಹೇಬರು ಅಲ್ಲಿಗೆ ಹೋಗಿ ಕೂತು ಆಕೆಯ ಹಾಡು ಕೇಳುತ್ತಿದ್ದರು. ಉತ್ತರದ ಉಸ್ತಾದರು ದಕ್ಷಿಣದ ಹೆಂಗಸಿನ ಮುಂದೆ ಕೇಳುಗರಾಗಿ ಕೂರುವುದು ಅಂದರೆ ಆ ಕಾಲಕ್ಕೆ ಸಣ್ಣ ಮಾತಲ್ಲ. ಆಕೆಯ ಪುಟ್ಟ ಮಗಳು ಹಾಡಿದಾಗ, ಗಂಟಲು ಚೆನ್ನಾಗಿದೆ, ಇನ್ನು ಚೆನ್ನಾಗಿ ತಿನ್ನು, ಚೆನ್ನಾಗಿ ಹಾಡು ಅಂತ ತಮಾಷೆ ಮಾಡಿ ಹರಸಿದರಂತೆ. ಆ ಮಗಳು ಗಂಗೂಬಾಯಿ ಹಾನಗಲ್. ಗಂಗೂಬಾಯಿ ಮುಂದೆ ಈ ಮಾತನ್ನು ನಗುತ್ತಾ ಹೇಳಿಕೊಳ್ಳುತ್ತಿದ್ದರು, ತಿನ್ನಲು ಮನೆಯಲ್ಲಿ ಸಮೃದ್ಧಿ ಇರಲಿಲ್ಲ ಅನ್ನೋದು ಬೇರೆ ಮಾತು. ಉಸ್ತಾದರು ಮಕ್ಕಳನ್ನು ಗದರಿಸಿ ಕಲಿಸುವ ಕಾಲದಲ್ಲಿ, ಮೊದಲು ಹೊಟ್ಟೆ ತುಂಬಾ ತಿನ್ನು ಅನ್ನುವ ಗುರು ನನಗೆ ತುಂಬಾ ಇಷ್ಟ ಆಗ್ತಾರೆ.

ಕೇಳಿದ್ದನ್ನು ಅವರು ಸುಮ್ಮನೆ ಬಿಡುತ್ತಿರಲಿಲ್ಲ. ತ್ಯಾಗರಾಜರ ಖರಹರಪ್ರಿಯ ಕೃತಿಯೊಂದನ್ನು ಕಲಿತು ಗ್ರಾಮಫೋನ್ ತಟ್ಟೆಗೇ ಹಾಡಿದರು. ಕರ್ನಾಟಕಿಯ ಸ್ವರ ಹಾಡುವ ಕ್ರಮವನ್ನು ತಮ್ಮ ಗಾಯನಕ್ಕೆ ಸೇರಿಸಿಕೊಂಡರು. ವಯಸ್ಸಾದ ಮೇಲೆ ಹೊಸದು ಕಲಿಯುವುದು ಬಹಳ ಕಷ್ಟ. ಅದರಲ್ಲೂ ಹೆಸರು ಬಂದ ಮೇಲೆ ಇನ್ನೊಬ್ಬರ ಭಾಷೆಯಲ್ಲಿ ತಪ್ಪಾದೀತು ಅಂತ ಹೆದರದೆ ಹಾಡುವುದು ಇನ್ನೂ ಕಷ್ಟ. ನಗುವ ಮನಸ್ಸು ಇದ್ದವನಿಗೆ ಮಾತ್ರ ಅದು ಸಾಧ್ಯ.

ಆ ಗ್ರಾಮಫೋನ್ ತಟ್ಟೆಗಳಲ್ಲಿ ಎರಡೂ ಬದಿ ಸೇರಿ ಆರೇಳು ನಿಮಿಷ. ಒಂದು ರಾಗವನ್ನು ಗಂಟೆಗಟ್ಟಲೆ ಹಾಡುವವರಿಗೆ ಇದು ಆನೆಯನ್ನು ಆಡಿನ ಕೊಟ್ಟಿಗೆಗೆ ನುಗ್ಗಿಸಿದ ಹಾಗೆ. ಆದರೂ ಹಾಡಿದರು, ಆ ಕಪ್ಪು ತಟ್ಟೆಗಳು ಊರೂರಿನ ಹೋಟೆಲ್, ಅಂಗಡಿಗಳಿಗೆ ಹೋದವು. ಗದಗಿನ ಒಂದು ಅಂಗಡಿಯಲ್ಲಿ ಅವರ ಝಿಂಝೋಟಿಯ ಠುಮ್ರಿ ಕೇಳಿ ಹುಡುಗ ಭೀಮಸೇನ ಮನೆ ಬಿಟ್ಟು ಗುರುವನ್ನು ಹುಡುಕಿ ಓಡಿದ್ದು ಎಲ್ಲರಿಗೂ ಗೊತ್ತಿರುವ ಕಥೆ. ಅದೇ ಕಾಲದಲ್ಲಿ ಅದೇ ಅಂಗಡಿಗಳಲ್ಲಿ ಹೀರಾಬಾಯಿ ಬಡೋದೇಕರ್ ಅವರ ತಟ್ಟೆಗಳೂ ತಿರುಗುತ್ತಿದ್ದವು. ಟಿಕೆಟ್ ಇಟ್ಟು ಸಭೆಯಲ್ಲಿ ಹಾಡಿದ ಮೊದಲ ಹೆಂಗಸರಲ್ಲಿ ಒಬ್ಬರು ಅಂತ ಆಕೆಯ ಹೆಸರು ಮನೆ ಮಾತಾಗಿತ್ತು. ಮಗಳ ದನಿ ಅಪ್ಪನ ಕಿವಿಗೆ ಬೀಳದೆ ಇರಲು ಸಾಧ್ಯವೇ ಇರಲಿಲ್ಲ. ಬೀದಿಯಲ್ಲಿ ನಡೆಯುವಾಗ ಒಂದು ಹೋಟೆಲಿನಿಂದ ತನ್ನ ದನಿ, ಮುಂದಿನದ್ದರಿಂದ ಮಗಳ ದನಿ. ಅದರಲ್ಲಿ ತಾನು ಕಲಿಸಿದ್ದು ಎಷ್ಟು, ಆಮೇಲೆ ಕಲಿತದ್ದು ಎಷ್ಟು ಅಂತ ಅಂಥ ಕಿವಿಗೆ ಗೊತ್ತಾಗದೆ ಇರುತ್ತಾ?

ಆಮೇಲೆ ಕಲಿತದ್ದು ಯಾರಿಂದ ಅನ್ನೋದು ಕೂಡ ಕೇಳುವ ಮಾತೇ. ಸುರೇಶ್‌ಬಾಬು, ಹೀರಾಬಾಯಿ ಇಬ್ಬರಿಗೂ ಪಾಠ ಹೇಳಿದವರು ಅಬ್ದುಲ್ ವಹೀದ್ ಖಾನ್. ಯಾರು ಅಂದರೆ, ಕೈರಾನಾದಲ್ಲಿ ಬಿಟ್ಟು ಬಂದ ಆ ಗಫೂರನ್ ಬೀಬಿಯ ಒಡಹುಟ್ಟಿದವರು. ಒಡಹುಟ್ಟಿದವಳನ್ನು ಬಿಟ್ಟವನ ಮಕ್ಕಳಿಗೆ, ಅದೂ ಇನ್ನೊಬ್ಬಾಕೆಯ ಮಕ್ಕಳಿಗೆ, ತನ್ನ ಘರಾನಾದ ವಿದ್ಯೆ ಕೊಟ್ಟ ವಹೀದ್ ಖಾನರ ದೊಡ್ಡತನದ ಬಗ್ಗೆ ಯಾರೂ ಹೆಚ್ಚು ಮಾತಾಡಿಲ್ಲ. ತಾರಾಬಾಯಿಯ ಬಗ್ಗೆಯೂ ಅಷ್ಟೇ. ಬಿಟ್ಟು ಹೋದವಳು ಅಂತ ಒಂದೇ ಮಾತಿನಲ್ಲಿ ಮುಗಿಸುವವರು, ಐದು ಮಕ್ಕಳನ್ನು ಒಬ್ಬಳೇ ಸಾಕಿ ಎಲ್ಲರನ್ನೂ ಸಂಗೀತದಲ್ಲೇ ನಿಲ್ಲಿಸಿದ್ದು ಸುಲಭವಾ ಅಂತ ಯೋಚಿಸಬೇಕು. ಅಪ್ಪನ ಹೆಸರು ಬಿಡಿಸಿದಳು, ಅಪ್ಪನ ಹಾಡು ಬಿಡಿಸಲಿಲ್ಲ.

1937ರ ಅಕ್ಟೋಬರ್. ಮದರಾಸಿನಲ್ಲಿ ಕಛೇರಿ ಮುಗಿಸಿ ಪಾಂಡಿಚೇರಿಯ ಕಡೆ ರೈಲಿನಲ್ಲಿ ಹೊರಟಿದ್ದರು. ಅರವಿಂದರ ಆಶ್ರಮದಲ್ಲಿ ಹಾಡುವುದಿತ್ತು. ದಾರಿಯಲ್ಲಿ ಎದೆ ನೋವು ಕಾಣಿಸಿತು. ಸಿಂಗಪೆರುಮಾಳ್ ಕೋಯಿಲ್ ಎಂಬ ಸಣ್ಣ ಸ್ಟೇಷನ್ನಿನಲ್ಲಿ ಜೊತೆಗಿದ್ದವರು ಅವರನ್ನು ಇಳಿಸಿಕೊಂಡರು. ರಾತ್ರಿ ಹೊತ್ತು. ಪ್ಲಾಟ್‌ಫಾರ್ಮ್ ಮೇಲೆ ಹಾಸಿಗೆ ಬಿಡಿಸಿದರು. ನಮಾಜ್ ಮಾಡಿ, ತಂಬೂರಿ ಶ್ರುತಿ ಮಾಡಿಸಿ, ದರ್ಬಾರಿ ಕಾನಡಾದಲ್ಲಿ ಅಲ್ಲಾಹನ ನಾಮ ಹಾಡುತ್ತಾ ಹಾಗೇ ಒರಗಿದರು ಅಂತ ಜೊತೆಗಿದ್ದವರ ಮಾತಾಗಿ ಬಂದಿದೆ. ಕಾನಡಾ ಅನ್ನುವ ರಾಗದ ಹೆಸರಿಗೂ ನಮ್ಮ ಕರ್ನಾಟಕಕ್ಕೂ ನಂಟಿದೆ ಅಂತ ಒಂದು ಮಾತಿದೆ. ಅಂದು ತಾರೀಕು 27. ಹೆಂಡತಿ ಮಕ್ಕಳು ಯಾರೂ ಹತ್ತಿರ ಇರಲಿಲ್ಲ, ಶಿಷ್ಯರಿದ್ದರು.

ಮಯ್ಯತ್ತನ್ನು ಅಲ್ಲಿಂದ ಮಿರಜ್‌ಗೆ ತಂದು ಮೀರಾಸಾಹೇಬ್ ದರ್ಗಾದ ಆವರಣದಲ್ಲಿ ದಫನ ಮಾಡಿದರು. ಪ್ಲೇಗಿನಲ್ಲಿ ಸಾಯಬೇಕಾದವನು ಹಾಡಿ ಬದುಕಿದ ಅದೇ ಜಾಗದಲ್ಲಿ. ಉರೂಸ್ ಬಂದರೆ ದರ್ಗಾದ ಹುಣಸೆ ಮರದ ಕೆಳಗೆ ಅವರ ನೆನಪಿಗೆ ಹಾಡು ನಡೆಯುತ್ತೆ. ದೊಡ್ಡ ದೊಡ್ಡ ಹಾಡುಗಾರರು ದೂರ ದೂರದಿಂದ ಬಂದು ಅಲ್ಲಿ ಕೂತು ಹಾಡ್ತಾರೆ. ನಮ್ಮ ಧಾರವಾಡ, ಹುಬ್ಬಳ್ಳಿ ಕಡೆಯ ಕೇಳುಗರೂ ರೈಲು ಹತ್ತಿ ಹೋಗ್ತಾರೆ. ದರ್ಗಾ ನೋಡಿ ಹೊರಬಂದರೆ ವಾದ್ಯ ಮಾಡುವವರ ಕೇರಿ ದೂರವಿಲ್ಲ. ಅಲ್ಲಿ ಯಾವುದಾದರೂ ಅಂಗಡಿಯ ಹೊಸ್ತಿಲಲ್ಲಿ, ಕುಂಬಳದ ಬುರುಡೆಗಳ ರಾಶಿಯ ನಡುವೆ, ಯಾರೋ ಒಬ್ಬರು ತಂತಿಯ ಅಡಿಯ ನೂಲನ್ನು ಸ್ವಲ್ಪ ಆಚೆ, ಸ್ವಲ್ಪ ಈಚೆ ಎಳೆಯುತ್ತಾ ಕೂತಿರುತ್ತಾರೆ.